ಬೀಳ್ಕೊಟ್ಟರೂ ಹೋಗದ ಲಿಂಗಣ್ಣ

ನಮ್ಮ ಮನೆಯ ತಾರಸಿಯ ಮೇಲೊಂದು ವಾಷಿಂಗ್ ಮೆಷಿನ್ ಇದೆ. ಅದಕ್ಕೆ ಮಳೆ ತಾಗದಿರಲೆಂದು ಹಳೆಯ ಫ್ಲೆಕ್ಸ್ ಹೊದಿಸಿದ್ದೇವೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಇಲ್ಲವೆನ್ನಬೇಡಿ. ಯಾರದೋ ಹುಟ್ಟುಹಬ್ಬದ್ದು, ಯಾವುದೋ ಸೈಟಿನ ಜಾಹೀರಾತಿನದು, ಹೀಗೆ. ನಮ್ಮದರಲ್ಲಿ ಇರುವುದು ಲಿಂಗಣ್ಣನವರ ಮುಖ. ಮೆಷಿನ್ನಿನ ಮೂಲೆಗೆ ಸರಿಯಾಗಿ ಮಡಿಕೆ ಬಿದ್ದಿರುವುದರಿಂದ ಅವರ ಒಂದು ಕಣ್ಣು ಆಕಾಶ ನೋಡುತ್ತದೆ, ಇನ್ನೊಂದು ಪಕ್ಕದ ಮನೆಯವರ ಸಿಂಟೆಕ್ಸ್ ಟ್ಯಾಂಕನ್ನು ನೋಡುತ್ತದೆ. ಮೇಲೆ ದಪ್ಪಕ್ಷರದಲ್ಲಿ ‘ಬೀಳ್ಕೊಡುಗೆ ಸಮಾರಂಭ’ ಎಂದು ಅಚ್ಚಾಗಿದೆ. ಬೀಳ್ಕೊಡುಗೆ ಎಂಬ ಪದದ ಮೇಲೆ ಕ್ಯಾಲೆಂಡರಿನ ಹಾಳೆಯನ್ನು ತಿರುಗಿಸಿ ಅಂಟಿಸಿ, ಮಾರ್ಕರಿನಲ್ಲಿ ‘ಸನ್ಮಾನ’ ಎಂದು ಬರೆದಿದ್ದೆವು. ಎರಡು ಮಳೆಗೆ ಹಾಳೆ ಕಳಚಿ ಬಿತ್ತು. ಹಾಗಾಗಿ ಈಗ ದಿನಾ ಬೆಳಿಗ್ಗೆ ಬಟ್ಟೆ ಹಾಕಲು ಹೋದಾಗ ನಾನು ಲಿಂಗಣ್ಣನವರನ್ನು ಒಮ್ಮೆ ಬೀಳ್ಕೊಡುತ್ತೇನೆ. ಅವರೋ ಕೂಗಳತೆಯಲ್ಲಿ ಯಾರದೋ ರಾಗಿ ಬೀಸುತ್ತಾ ನಿಂತಿರುತ್ತಾರೆ.

ಲಿಂಗಣ್ಣನವರನ್ನು ನಿಮಗೆ ಸರಿಯಾಗಿ ಪರಿಚಯ ಮಾಡಿಸಬೇಕು. ಯಡಿಯೂರು ಕೆರೆಯಿಂದ ಎರಡು ತಿರುವು ದಾಟಿದರೆ ಅವರ ಹಿಟ್ಟಿನ ಗಿರಣಿ. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಬರೀ ‘ಮಿಲ್ಲು’. ಅವರ ಊರು ತಿಪಟೂರಿನ ಕಡೆ. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು ಬಂದರೆ, ಹತ್ತು ಗಂಟೆಯ ಹೊತ್ತಿಗೆ ವಿಭೂತಿ ಯಾವುದು ಹಿಟ್ಟು ಯಾವುದು ಎಂದು ಹೇಳಲಾಗದು. ಮಿಲ್ಲು ಅವರ ಹೊಟ್ಟೆಪಾಡು. ಅವರ ಹುಚ್ಚು ಬೇರೆಯೇ ಇದೆ. ‘ಕೆರೆ ಏರಿ ಬಾಯ್ಸ್’ ಎಂಬ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಇಪ್ಪತ್ತಮೂರು ವರ್ಷದಿಂದ ಅವರೇ ಮ್ಯಾನೇಜರ್. ಮ್ಯಾನೇಜರ್ ಎಂದ ಕೂಡಲೆ ಟೀವಿಯಲ್ಲಿ ಕೋಟು ತೊಟ್ಟು, ಗೆರೆಯ ಪಕ್ಕ ನಿಂತು ಚೂಯಿಂಗ್ ಗಮ್ ಅಗಿಯುವವರು ನಿಮ್ಮ ಕಣ್ಣಿಗೆ ಬರಬಹುದು. ನಮ್ಮ ಮ್ಯಾನೇಜರ್ ತಂಡ ಆರಿಸುತ್ತಾರೆ, ಆಟ ಕಲಿಸುತ್ತಾರೆ, ಚೆಂಡಿಗೆ ಗಾಳಿ ತುಂಬುತ್ತಾರೆ, ಹರಿದ ಬಲೆ ಹೊಲಿಯುತ್ತಾರೆ, ಮೈದಾನಕ್ಕೆ ಗೆರೆ ಎಳೆಯುತ್ತಾರೆ, ಸೋತಾಗ ಬೈಸಿಕೊಳ್ಳುತ್ತಾರೆ. ನಾವು ಗೆಲ್ಲುವುದು ಕಮ್ಮಿಯಾದ್ದರಿಂದ ಕೊನೆಯ ಕೆಲಸವೇ ಅವರಿಗೆ ಜಾಸ್ತಿ.

ಇವಳಿಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಕೇಳುತ್ತಾರೆ. ಅವರ ಪ್ರಕಾರ ಜಯನಗರ, ಬನಶಂಕರಿಯವರಿಗೆ ದೇವರು ಕೊಟ್ಟಿದ್ದು ಕ್ರಿಕೆಟ್ಟು. ಫುಟ್‌ಬಾಲು ಏನಿದ್ದರೂ ಹಲಸೂರಿನ ಕಡೆಯವರದು. ಆದರೆ ನಾನು ಹುಟ್ಟಿ ಬೆಳೆದ ಯಡಿಯೂರಿನ ವಠಾರದಲ್ಲಿ ನನ್ನ ಇಬ್ಬರು ಅಣ್ಣಂದಿರಿಗೆ ಯಾರೋ ಕೊಟ್ಟಿದ್ದ ಚರ್ಮದ ಚೆಂಡೊಂದಿತ್ತು. ಬೂಟಿಗೆ ಕಟ್ಟುವಂತೆ ಅದಕ್ಕೂ ಲೇಸು ಕಟ್ಟಬೇಕಿತ್ತು. ಚರ್ಮ ಒಣಗಿ ಬಿರಿಯಬಾರದೆಂದು ಅಮ್ಮ ದೀಪಕ್ಕೆ ಇಟ್ಟಿದ್ದ ಹರಳೆಣ್ಣೆಯನ್ನು ಕದ್ದು ಅದಕ್ಕೆ ತಿಕ್ಕುತ್ತಿದ್ದರು. ಎಣ್ಣೆ ಕುಡಿದ ಚೆಂಡು ಮಣ್ಣಿನಲ್ಲಿ ನಾಲ್ಕು ಸುತ್ತು ಉರುಳಿದರೆ ಎತ್ತಲಾಗದಷ್ಟು ಭಾರವಾಗುತ್ತಿತ್ತು. ಗೋಲ್‌ಕೀಪರ್ ಆಗಲು ವಠಾರದಲ್ಲಿ ಯಾವ ಗಂಡುಹುಡುಗನೂ ಒಪ್ಪುತ್ತಿರಲಿಲ್ಲ. ಎರಡು ಜೊತೆ ಚಪ್ಪಲಿಗಳ ನಡುವೆ, ಲಂಗ ಎತ್ತಿ ಕಟ್ಟಿಕೊಂಡು ನಿಲ್ಲುತ್ತಿದ್ದವಳು ನಾನು. ಹೊಟ್ಟೆಗೆ ಬಡಿದ ಚೆಂಡುಗಳನ್ನೆಲ್ಲ ‘ಸೂಪರಾಗಿ ಹಿಡಿದೆ ಕಣೇ’ ಎಂದು ಹೊಗಳುತ್ತಿದ್ದರು. ಮೈಯೆಲ್ಲ ಹರಳೆಣ್ಣೆ ವಾಸನೆ. ದೀಪದ ಎಣ್ಣೆ ಎಲ್ಲಿ ಹೋಯಿತು ಎಂಬುದು ಅಮ್ಮನಿಗೆ ನನ್ನ ಲಂಗ ಒಗೆಯುವಾಗ ತಿಳಿಯಿತು. ಮೂವರಿಗೂ ಬಿತ್ತು. ನನಗೆ ಸ್ವಲ್ಪ ಜಾಸ್ತಿ ಬಿತ್ತು.

ಆಮೇಲೆ ಮದುವೆ, ಮಕ್ಕಳು, ಸರ್ಕಾರಿ ಕಚೇರಿಯ ಗುಮಾಸ್ತಗಿರಿ, ಇವೆಲ್ಲದರ ನಡುವೆ ಚೆಂಡು ಮರೆತೇಹೋಗಿತ್ತು. ಮತ್ತೆ ನೆನಪಾದದ್ದು ಮಿಲ್ಲಿನ ದೆಸೆಯಿಂದ. ಲಿಂಗಣ್ಣ ಕ್ಲಬ್ಬಿನ ಹೊಣೆ ಹೊತ್ತ ಹೊಸದು. ಒಂದು ಭಾನುವಾರ ಬೆಳಿಗ್ಗೆ ರಾಗಿ ಡಬ್ಬ ಕೊಟ್ಟು, ತರಕಾರಿ ತಂದು ಬರುವಷ್ಟರಲ್ಲಿ ಮಿಲ್ಲಿನ ಶಟರ್ ಎಳೆದಿತ್ತು. ನನ್ನ ರಾಗಿ ಒಳಗೆ. ಮೈದಾನದಲ್ಲಿದ್ದಾರೆ ಎಂದು ಯಾರೋ ಹೇಳಿದರು. ಜಗಳಕ್ಕೆಂದೇ ಹೋದೆ. ಕೆರೆಯ ಪಕ್ಕದ ಮೈದಾನದಲ್ಲಿ ಹಿಟ್ಟು ಮೆತ್ತಿದ ಅಂಗಿಯಲ್ಲೇ ನಿಂತು ಅವರು ಕೂಗಾಡುತ್ತಿದ್ದರು. ‘ಹಾಫ್ ಟೈಮ್‌ಗೆ ಕೊಡ್ತೀನಿ ಮೇಡಂ, ಐದೇ ನಿಮಿಷ’ ಎಂದರು. ನಾನು ತರಕಾರಿ ಚೀಲ ಕಾಲ ಬಳಿ ಇಟ್ಟು ನಿಂತೆ. ಹಾಫ್ ಟೈಮ್ ಬಂತು, ಹೋಯಿತು. ಇಬ್ಬರಿಗೂ ರಾಗಿ ನೆನಪಾಗಲಿಲ್ಲ. ಅವತ್ತು ನಾವು ನಾಲ್ಕು ಗೋಲಿನಿಂದ ಸೋತೆವು. ಆಗಲೇ ‘ನಾವು’ ಎನ್ನತೊಡಗಿದ್ದೆ ನೋಡಿ. ಆದರೂ ಮಾರನೆಯ ದಿನ ಬೀದಿಯ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಮಿಲ್ಲಿಗೆ ಹೋಗಿ, ‘ಭಾನುವಾರ ಮಿಲ್ ಮುಚ್ಚಿದ್ರೆ ಕೆಲಸಕ್ಕೆ ಹೋಗೋರು ಏನ್ ಮಾಡ್ಬೇಕು?’ ಎಂದು ದಬಾಯಿಸಿ ಬಂದೆ. ಮುಂದಿನ ಭಾನುವಾರದಿಂದ ಮಿಲ್ಲು ತೆರೆದಿರತೊಡಗಿತು. ಒಳಗೆ ಲಿಂಗಣ್ಣನ ಹೆಂಡತಿ ಗಿರಿಜಾ ನಿಂತಿರುತ್ತಿದ್ದಳು. ಆಗಿನ್ನೂ ಮದುವೆಯಾದ ಹೊಸತು, ಕೈಯಲ್ಲಿ ಹಸಿರು ಬಳೆ. ನನಗೆ ಬಹಳ ಅನುಕೂಲವಾಯಿತು. ಡಬ್ಬ ಅವಳಿಗೆ ಕೊಟ್ಟು ಮ್ಯಾಚಿಗೆ ಹೋಗುವುದು, ಮ್ಯಾಚ್ ಮುಗಿಸಿ ಹಿಟ್ಟು ತರುವುದು.

ಅಭಿಮಾನಿಗಳೆಂದು ನಾವಿರುವುದು ಹತ್ತು ಹನ್ನೆರಡು ಜನ. ಇಬ್ಬರನ್ನು ಹೇಳಿದರೆ ಸಾಕು. ಚಿಕ್ಕಣ್ಣನವರು ಹಳೆಯ ಊರಿನವರು. ಲೇಔಟ್ ಆಗುವ ಮೊದಲು ಈ ಮೈದಾನವೂ ಅವರ ಅಪ್ಪನ ರಾಗಿ ಹೊಲವೇ. ಈಗ ಮೂರು ಬಿಲ್ಡಿಂಗಿನ ಬಾಡಿಗೆ ಬರುತ್ತದೆ, ಮಾಡಲು ಬೇರೆ ಕೆಲಸವಿಲ್ಲ. ‘ಆ ಗೋಲ್ ಪೋಸ್ಟ್ ಐತಲ್ಲ, ಅಲ್ಲೇ ನಮ್ಮಪ್ಪ ಎತ್ತು ಕಟ್ತಿದ್ದಿದ್ದು. ಆ ಎತ್ತು ನಿಂತಿದ್ರೂ ನಿಮ್ಮ ಕೀಪರ್‌ಗಿಂತ ಚೆನ್ನಾಗ್ ತಡೀತಿತ್ತು’ ಎಂದು ನಮ್ಮ ಗೋಲ್‌ಕೀಪರ್‌ಗೆ ಕೇಳಿಸುವಂತೆ ಹೇಳುತ್ತಾರೆ. ‘ಲಿಂಗಾ, ನಿಂಗೆ ಆಟ ಗೊತ್ತಿಲ್ಲ ಬಿಡು’ ಎನ್ನದೆ ಅವರ ಯಾವ ಭಾನುವಾರವೂ ಮುಗಿದಿಲ್ಲ. ಇನ್ನೊಬ್ಬರು ನಯಾಜ್, ತಿಲಕ್ ನಗರದ ಆಟೋ ಚಾಲಕ. ಮ್ಯಾಚ್ ನಡೆಯುವಾಗ ಅವರನ್ನು ಮಾತನಾಡಿಸಬಾರದು. ಪ್ರಯಾಣಿಕರು ಬಂದು ‘ಬರ್ತೀರಾ?’ ಎಂದರೆ ಕತ್ತು ತಿರುಗಿಸದೆ ‘ಸೆಕೆಂಡ್ ಹಾಫ್ ಸಾರ್’ ಎನ್ನುತ್ತಾರೆ.

ಒಮ್ಮೆ ಗೆರೆ ಎಳೆಯುವ ಸುಣ್ಣದ ಪುಡಿ ಮುಗಿದಿತ್ತು. ಲಿಂಗಣ್ಣ ತಲೆ ಓಡಿಸಿ, ಮಿಲ್ಲಿನ ನೆಲ ಗುಡಿಸಿದ ಅಕ್ಕಿ ಹಿಟ್ಟು ಅರ್ಧ ಮೂಟೆ ತಂದು ಇಡೀ ಮೈದಾನಕ್ಕೆ ಗೆರೆ ಎಳೆದರು. ಬೆಳಗಿನ ವಾಕಿಂಗಿಗೆ ಬಂದ ಹೆಂಗಸರು ನಿಂತು ನೋಡಿ, ಎಷ್ಟು ನೇರವಾಗಿ ಎಳೆದಿದ್ದಾರೆ ಎಂದು ಮೆಚ್ಚಿಕೊಂಡರು. ರೆಫರಿ ಸೀಟಿ ಊದಿದ್ದೇ ತಡ, ಕೆರೆಯ ಸುತ್ತಲಿನ ಪಾರಿವಾಳಗಳೆಲ್ಲ ಇಳಿದವು. ಎದುರು ತಂಡದವರು ಅವನ್ನು ಓಡಿಸುತ್ತಿದ್ದಾಗ ನಮ್ಮವರು ಸದ್ದಿಲ್ಲದೆ ಒಂದು ಗೋಲು ಹೊಡೆದರು. ಗೋಲು ಒಪ್ಪಬೇಕೋ ಬೇಡವೋ ಎಂದು ಗೆರೆ ನೋಡಲು ಹೋದ ರೆಫರಿಗೆ ಗೆರೆಯೇ ಸಿಗಲಿಲ್ಲ, ಪೆನಾಲ್ಟಿ ಬಾಕ್ಸ್ ಪೂರ್ತಿ ಖಾಲಿಯಾಗಿತ್ತು. ಇಂಥ ಮ್ಯಾನೇಜರನ್ನು ಬೈಯದೆ ಇರುವುದು ಹೇಗೆ, ಬಿಟ್ಟು ಇರುವುದು ಹೇಗೆ ಹೇಳಿ.

ಹೋದ ವರ್ಷದ ಮಾತು. ಒಂದು ಮಧ್ಯಾಹ್ನ ನಯಾಜ್ ನಮ್ಮ ಮನೆಯ ಗೇಟಿನ ಮುಂದೆ ಆಟೋ ನಿಲ್ಲಿಸಿ, ಇಳಿಯದೆಯೇ ಕೂಗಿದರು. ‘ಮೇಡಂ, ಮುಗೀತು. ಲಿಂಗಣ್ಣ ಹೋಗ್ತಾವ್ರೆ.’ ‘ಅಯ್ಯೋ, ಆಸ್ಪತ್ರೆಗಾ?’ ಎಂದೆ. ‘ಅಲ್ಲ ಮೇಡಂ, ಬೇರೆ ಕ್ಲಬ್‌ಗೆ.’ ಟ್ರ್ಯಾಕ್ ಸೂಟ್ ತೊಟ್ಟ ಇಬ್ಬರು ಅವರ ಆಟೋ ಹತ್ತಿ, ಲಿಂಗಣ್ಣ ಎಂಬ ಕೋಚ್ ಇರುವ ಮಿಲ್ಲು ಎಲ್ಲಿ ಎಂದು ಕೇಳಿದ್ದರಂತೆ. ಉತ್ತರಹಳ್ಳಿಯ ಆಚೆ ಅಪಾರ್ಟ್‌ಮೆಂಟಿನವರು ಸೇರಿ ಫುಟ್‌ಬಾಲ್ ಅಕಾಡೆಮಿ ಮಾಡಿದ್ದಾರೆ, ತಿಂಗಳ ಸಂಬಳದ ಮೇಲೆ ಲಿಂಗಣ್ಣನನ್ನು ಕರೆದುಕೊಳ್ಳಬೇಕೆಂದು ಹಿಂದಿನ ಸೀಟಿನಲ್ಲಿ ಮಾತಾಡಿಕೊಂಡರಂತೆ. ಅವರನ್ನು ಮಿಲ್ಲಿನ ಬಾಗಿಲಿಗೇ ಬಿಟ್ಟು ಬಂದಿದ್ದರು ನಯಾಜ್. ‘ನಾನೇ ಬಿಟ್ಬಂದೆ ಮೇಡಂ, ಈ ಕೈಯಾರೆ’ ಎಂದು ಹ್ಯಾಂಡಲಿನ ಮೇಲಿದ್ದ ಎರಡೂ ಕೈ ತೋರಿಸಿದರು.

ಲಿಂಗಣ್ಣ ಹೋದರೆ ಕೆರೆ ಏರಿ ಬಾಯ್ಸ್ ಆರು ತಿಂಗಳೂ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಇನ್ನೊಬ್ಬರು ಆ ಕೆಲಸಕ್ಕೆ ಎಲ್ಲಿಂದ ಬರಬೇಕು? ಸಂಜೆ ಚಿಕ್ಕಣ್ಣನವರ ಮನೆಯ ಜಗಲಿಯಲ್ಲಿ ಸಭೆ ಸೇರಿತು. ಹೋಗಬೇಡಿ ಎನ್ನೋಣ ಎಂದು ಯಾರೋ ಅಂದರು. ‘ಹಂಗನ್ನಕ್ಕಾಯ್ತದಾ? ಇಪ್ಪತ್ತೆರಡು ವರ್ಷ ಬೈದಿದ್ದೀವಿ. ಈಗ ನಾಲ್ಕು ಕಾಸು ಬರೋ ಟೈಮಲ್ಲಿ ಅಡ್ಡ ನಿಂತ್ಕೊಳ್ಳಾದಾ?’ ಎಂದರು ಚಿಕ್ಕಣ್ಣನವರು. ಸರಿ, ಹೋಗುವುದು ನಿಜವೇ ಎಂದು ಒಮ್ಮೆ ಕೇಳಿಬಿಡೋಣ ಎಂದೆ ನಾನು. ಅದಕ್ಕೂ ಯಾರೂ ಒಪ್ಪಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂದು ನಮ್ಮಲ್ಲಿ ಒಂದು ಭಯ ಇದೆಯಲ್ಲ. ನನ್ನ ಅಜ್ಜಿಯಂತೂ ಅಜ್ಜ ಚಪ್ಪಲಿ ಮೆಟ್ಟಿಕೊಂಡ ಮೇಲೆ ತುಟಿ ಬಿಚ್ಚುತ್ತಿರಲಿಲ್ಲ. ಒಂದು ಸಲ ಅಜ್ಜ ಸುಮ್ಮನೆ ಜಗಲಿಗೆಂದು ಹೊರಟದ್ದು, ಇವಳು ಕೇಳಲಿಲ್ಲ, ಅವರು ಹೇಳಲಿಲ್ಲ, ಊಟದ ಹೊತ್ತಿನವರೆಗೆ ಇಡೀ ಬೀದಿ ಹುಡುಕಿಸಿದ್ದಳು. ನಾವೂ ಅಷ್ಟೇ ಬುದ್ಧಿವಂತಿಕೆಯಿಂದ ಲಿಂಗಣ್ಣನನ್ನು ಒಂದು ಮಾತೂ ಕೇಳದೆ, ಅವರಿಗೊಂದು ಬೀಳ್ಕೊಡುಗೆ ಇಟ್ಟುಕೊಂಡೆವು.

ಭಾಷಣದ ಹೊಣೆ ನನಗೆ ಬಂತು. ನಾನು ಕಚೇರಿಯಲ್ಲಿ ಮೂವತ್ತು ವರ್ಷ ನಿವೃತ್ತರ, ವರ್ಗವಾದವರ ಬೀಳ್ಕೊಡುಗೆ ಭಾಷಣ ಬರೆದವಳು. ನಿಜ ಹೇಳಿಬಿಡುತ್ತೇನೆ, ಬರೆದದ್ದು ಒಂದೇ ಭಾಷಣ. ಹೆಸರು ಬದಲಾಯಿಸುತ್ತಿದ್ದೆ. ಎಲ್ಲರೂ ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೇ, ಎಲ್ಲರ ನಿರ್ಗಮನದಿಂದಲೂ ತುಂಬಲಾರದ ನಷ್ಟವೇ. ಒಬ್ಬ ಮೇಲಧಿಕಾರಿಗಂತೂ ಬೀಳ್ಕೊಡುಗೆಯಾದ ಎರಡನೆಯ ದಿನ ವರ್ಗಾವಣೆ ರದ್ದಾಗಿ, ಅವರು ಮತ್ತೆ ಅದೇ ಕುರ್ಚಿಯಲ್ಲಿ ಬಂದು ಕೂತರು. ಅಳುಮೋರೆಯಲ್ಲಿ ಕೈಕುಲುಕಿದ್ದ ನಾವೆಲ್ಲ ಒಂದು ವಾರ ಅವರ ಕೋಣೆಯ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಿದ್ದೆವು. ಹೋಗುವವರ ಬಗ್ಗೆ ಆಡಿದ ಒಳ್ಳೆಯ ಮಾತನ್ನು ಇರುವವರ ಎದುರು ನಿಭಾಯಿಸುವುದು ಕಷ್ಟ. ಅಷ್ಟು ಅನುಭವವಿದ್ದೂ ನನಗೆ ಬುದ್ಧಿ ಬರಲಿಲ್ಲ.

ಆ ಭಾನುವಾರ ಮ್ಯಾಚ್ ಮುಗಿದ ಮೇಲೆ, ಹನ್ನೊಂದರ ಬಿಸಿಲಿನಲ್ಲಿ, ಗೋಲ್ ಪೋಸ್ಟಿಗೇ ಫ್ಲೆಕ್ಸ್ ಕಟ್ಟಿದೆವು. ಲಿಂಗಣ್ಣನಿಗೆ ‘ಒಂದ್ ಸಣ್ಣ ಫಂಕ್ಷನ್ ಇದೆ’ ಎಂದಷ್ಟೇ ಹೇಳಿದ್ದು. ಗಿರಿಜಾಳನ್ನು ಒತ್ತಾಯ ಮಾಡಿ, ಒಂದು ಗಂಟೆ ಮಿಲ್ಲು ಮುಚ್ಚಿಸಿ ಕರೆತಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಮೈದಾನಕ್ಕೆ ಬಂದದ್ದು ಅದೇ ಮೊದಲು. ಲಿಂಗಣ್ಣ ಫ್ಲೆಕ್ಸ್ ನೋಡಿ ಬಾಯಿ ತೆರೆದರು. ಅವರು ಏನೋ ಹೇಳುವ ಮೊದಲೇ ಚಿಕ್ಕಣ್ಣನವರು ತಲೆಗೆ ಮೈಸೂರು ಪೇಟ ಇಟ್ಟರು, ನಯಾಜ್ ಶಾಲು ಹೊದಿಸಿದರು, ಹಾರ ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ಇಷ್ಟೆಲ್ಲ ಮೈಮೇಲೆ ಬಿದ್ದ ಮನುಷ್ಯ ಏನು ಮಾತಾಡಿಯಾನು? ಚಿಕ್ಕಣ್ಣನವರು ಮೈಕಿಲ್ಲದೆಯೇ ಇಡೀ ಕೆರೆಗೆ ಕೇಳುವಂತೆ, ಇಂಥ ಆಟ ಬಲ್ಲವನು ಬೆಂಗಳೂರಿನಲ್ಲೇ ಇನ್ನೊಬ್ಬನಿಲ್ಲ ಎಂದರು, ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ನಾನು ಭಾಷಣ ಓದಿದೆ. ಓದುತ್ತಾ ಹೋದಂತೆ ‘ಕಡತಗಳನ್ನು ಕ್ಷಿಪ್ರವಾಗಿ ವಿಲೇವಾರಿ ಮಾಡುತ್ತಿದ್ದ ಶ್ರೀ ಲಿಂಗಣ್ಣನವರು’ ಎಂಬ ಸಾಲು ಬಾಯಿಂದ ಬಂದೇಬಿಟ್ಟಿತು. ಹಳೆಯ ಭಾಷಣದಲ್ಲಿ ಅದನ್ನು ತೆಗೆಯಲು ಮರೆತಿದ್ದೆ. ಆಟಗಾರರು ಅದಕ್ಕೂ ಚಪ್ಪಾಳೆ ತಟ್ಟಿದರು.

ಲಿಂಗಣ್ಣ ಹಣ್ಣಿನ ಬುಟ್ಟಿ ಕೆಳಗಿಟ್ಟು ಎದ್ದು ನಿಂತರು. ‘ಎಲ್ರಿಗೂ ನಮಸ್ಕಾರ. ನಂಗೆ ಮಾತಾಡಕ್ಕೆ ಬರಲ್ಲ. ಒಂದೇ ಒಂದ್ ಡೌಟು. ನಾನು ಎಲ್ಲಿಗೆ ಹೋಗ್ತಿದೀನಿ?’

ನಾವೆಲ್ಲ ನಯಾಜ್ ಕಡೆ ತಿರುಗಿದೆವು. ಅವರು, ‘ಉತ್ತರಹಳ್ಳಿ ಕಡೆ ಅಲ್ವಾ ಅಣ್ಣ? ಅವ್ರು ನನ್ನ ಆಟೋದಲ್ಲೇ ಬಂದ್ರಲ್ಲ’ ಎಂದರು.

‘ಬಂದ್ರು, ಕರೆದ್ರು. ನಾನೂ ಒಂದಿನ ಹೋಗಿ ನೋಡ್ಕೊಂಡ್ ಬಂದೆ. ಸಖತ್ತಾಗಿದೆ. ಗೆರೆ ಎಳೆಯೋ ಹಂಗೇ ಇಲ್ಲ, ನೆಲದಲ್ಲೇ ಇರುತ್ತೆ. ಆದ್ರೆ ಅವತ್ತು ಅವರ ಟೀಮು ಆರು ಗೋಲಲ್ಲಿ ಸೋತೋಯ್ತು. ಎಲ್ರೂ ಚಪ್ಪಾಳೆ ತಟ್ಟಿದ್ರು. ಒಬ್ರೂ ಬೈಲಿಲ್ಲ. ನಂಗೆ ಕೈಕಾಲೇ ಆಡ್ಲಿಲ್ಲ. ಇಲ್ಲಿ ಚಿಕ್ಕಣ್ಣೋರು ಬೈದ್ರೇನೇ ನಂಗೆ ಯಾರನ್ನ ಬದಲಾಯಿಸ್ಬೇಕು ಅಂತ ಗೊತ್ತಾಗೋದು. ಬರಲ್ಲ ಅಂದ್ಬಿಟ್ಟೆ. ನಾನು ಇಲ್ಲೇ ಇರ್ತೀನಿ.’

ಆಮೇಲೆ ನಡೆದದ್ದನ್ನು ಸರಿಯಾಗಿ ವರ್ಣಿಸಲಾರೆ. ನಯಾಜ್ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸಿಳ್ಳಿಗೆ ವಾಕಿಂಗಿನವರೆಲ್ಲ ನಿಂತರು. ಆಟಗಾರರು ಲಿಂಗಣ್ಣನನ್ನು ಹೆಗಲ ಮೇಲೆ ಎತ್ತಿದರು, ಪೇಟ ಉರುಳಿ ಹಣ್ಣಿನ ಬುಟ್ಟಿಯಲ್ಲಿ ಬಿತ್ತು. ನಾನು ಅರವತ್ತು ದಾಟಿದವಳು ಎಂಬುದನ್ನು ಮರೆತು ಕುಣಿದೆ. ಚಿಕ್ಕಣ್ಣನವರು ಮಾತ್ರ ಅತ್ತು ಮುಗಿಸಿ ಸಿಟ್ಟಿಗೆದ್ದಿದ್ದರು. ‘ಮೊದ್ಲೇ ಬೊಗಳಕ್ಕೆ ಏನಾಗಿತ್ತೋ? ನಿಂಗೆ ಆಟ ಗೊತ್ತು ಅಂತ ನನ್ನ ಬಾಯಲ್ಲಿ ಹೇಳಿಸ್ಬಿಟ್ಯಲ್ಲೋ!’ ಎಂದು ಮೈದಾನದ ತುಂಬ ಅವರ ಹಿಂದೆ ಓಡಾಡಿದರು. ಯಾರೋ ಕ್ಯಾಲೆಂಡರಿನ ಹಾಳೆ ಹರಿದು ತಂದರು. ಫೋಟೋ ತೆಗೆಸಿಕೊಳ್ಳುವ ಮೊದಲು ಫ್ಲೆಕ್ಸಿನ ಮೇಲೆ ‘ಸನ್ಮಾನ’ ಎಂದು ಬರೆದವಳು ನಾನೇ. ಬರೆದು ತಿರುಗಿದಾಗ ಗಿರಿಜಾ ಕಣ್ಣಿಗೆ ಬಿದ್ದಳು.

ಅವಳು ಎದ್ದಿರಲಿಲ್ಲ. ತೊಡೆಯ ಮೇಲೆ ಕೈಯಿಟ್ಟುಕೊಂಡು, ಗಂಡ ಜನರ ಹೆಗಲ ಮೇಲೆ ಹೋಗುತ್ತಿರುವುದನ್ನು ನೋಡುತ್ತಾ ಕೂತಿದ್ದಳು. ‘ಯಾಕೆ ಗಿರಿಜಾ, ನಿಂಗೆ ಖುಷಿಯಾಗ್ಲಿಲ್ವಾ?’ ಎಂದೆ.

‘ಬರಲ್ಲ ಅಂದಿದ್ದು ನಂಗೂ ಈಗ್ಲೇ ಗೊತ್ತಾಗಿದ್ದು ಅಕ್ಕ’ ಎಂದಳು. ‘ಅಲ್ಲಿ ಭಾನುವಾರ ರಜ ಅಂತೆ. ಅವರು ಮಿಲ್ಲಿಗೆ ಬಂದಾಗ ಹೇಳ್ತಿದ್ರು, ಒಳಗಿಂದ ಕೇಳಿಸ್ಕೊಂಡೆ. ಹಾಗಾದ್ರೆ ನಾನೂ ಭಾನುವಾರ ಮಿಲ್ಲು ಮುಚ್ಚಬಹುದು ಅಂದ್ಕೊಂಡಿದ್ದೆ. ಇಬ್ರೂ ಒಟ್ಟಿಗೆ ಕೂತ್ಕೊಂಡು ಬಿಸಿಬಿಸಿ ತಿಂಡಿ ತಿನ್ನೋದು. ಅಷ್ಟೇ. ಇನ್ನೇನೂ ಯೋಚ್ನೆ ಮಾಡಿರ್ಲಿಲ್ಲ. ಬರ್ತೀನಿ ಅಕ್ಕ, ಹನ್ನೆರಡು ಗಂಟೆಗೆ ಬರೋಕೆ ಹೇಳಿದೀನಿ ಜನಕ್ಕೆ’ ಎಂದು ಎದ್ದು ಹೋದಳು.

ನನ್ನ ಕೈಯಲ್ಲಿ ಮಾರ್ಕರ್ ಇತ್ತು. ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ದಬಾಯಿಸಿದ್ದು ನಾನು. ಆ ಹಸಿರು ಬಳೆಯ ಕೈಗೆ ವಾರವಾರವೂ ರಾಗಿ ಡಬ್ಬ ಕೊಟ್ಟು ಮ್ಯಾಚ್ ನೋಡಲು ಓಡಿದ್ದೂ ನಾನೇ. ಲಿಂಗಣ್ಣನ ನಿಷ್ಠೆಯನ್ನು ನಾವು ಇಷ್ಟು ಕೊಂಡಾಡಿದೆವಲ್ಲ, ಅದರ ಬೆಲೆಯನ್ನು ಪ್ರತಿ ಭಾನುವಾರ ಮಿಲ್ಲಿನಲ್ಲಿ ಅಷ್ಟು ಹೊತ್ತು ನಿಂತು ತೆತ್ತವಳು ಗಿರಿಜಾ. ನನಗೆ ನಿಜವಾಗಿ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಬೀಸಿಸಲು ಏನೂ ಇಲ್ಲದೆ ಬರಿಗೈಯಲ್ಲಿ ಮಿಲ್ಲಿಗೆ ಹೋದೆ. ‘ಲಿಂಗಣ್ಣ, ಬರಲ್ಲ ಅಂತ ಹೇಳೋ ಮೊದ್ಲು ಗಿರಿಜನ್ನ ಕೇಳಿದ್ರಾ?’ ಎಂದೆ. ಅವರಿಗೆ ಮೊದಲು ಕೇಳಿಸಲಿಲ್ಲ. ಕೇಳಿಸಿದ ಮೇಲೆ ಮೆಷಿನ್ ಆಫ್ ಮಾಡಿದರು. ಬೆಲ್ಟು ತಿರುಗಿ ತಿರುಗಿ ನಿಂತಿತು. ‘ಕೇಳ್ಬೇಕು ಅಂತ ಹೊಳೀಲೇ ಇಲ್ಲ ಮೇಡಂ’ ಎಂದರು. ನಾನು ಗಿರಿಜಾ ಹೇಳಿದ್ದನ್ನೆಲ್ಲ ಹೇಳಿದೆ. ತಿಂಡಿಯ ವಿಷಯ ಹೇಳುವಾಗ ಅವರು ತಲೆಗೆ ಕಟ್ಟಿದ್ದ ಟವಲು ಬಿಚ್ಚಿ ಮುಖ ಒರೆಸಿಕೊಂಡರು. ಹಿಟ್ಟು, ವಿಭೂತಿ ಎರಡೂ ಹೋಯಿತು. ‘ಫೋನ್ ಮಾಡಿ ಬರ್ತೀನಿ ಅಂತೀನಿ. ಅವರಿನ್ನೂ ಯಾರನ್ನೂ ತಗೊಂಡಿರಲ್ಲ’ ಎಂದು ಜೇಬಿಗೆ ಕೈ ಹಾಕಿದರು.

ನನ್ನ ಸ್ಥಿತಿ ಯೋಚಿಸಿ. ಹಿಂದಿನ ದಿನ ಹೆಗಲ ಮೇಲೆ ಹೊತ್ತ ಮ್ಯಾನೇಜರನ್ನು ಈ ದಿನ ನಾನೇ ಕಳಿಸಿಕೊಡುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಗಿರಿಜಾ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

‘ರೀ, ಫೋನ್ ಇಡಿ. ಹೋಗಿ ಅಂತ ಯಾರಂದ್ರು? ಬೈಯೋರಿಲ್ದಿರೋ ಕಡೆ ನೀವು ನಾಲ್ಕು ದಿನ ಇರಲ್ಲ, ನಂಗ್ ಗೊತ್ತಿಲ್ವಾ? ನಾನು ಹೋಗಿ ಅನ್ಲಿಲ್ಲ. ಭಾನುವಾರ ಬೇಕು ಅಂದೆ.’

ಆ ಸಂಜೆ ಚಿಕ್ಕಣ್ಣನವರ ಜಗಲಿಯಲ್ಲಿ ಮತ್ತೊಂದು ಸಭೆ ನಡೆಯಿತು. ಈ ಸಲ ಗಿರಿಜಾಳನ್ನು ಮೊದಲೇ ಕೇಳಿಕೊಂಡು ಬಂದಿದ್ದೆ. ಭಾನುವಾರ ಬೆಳಿಗ್ಗೆ ಗೆರೆ ಎಳೆಯುವುದು, ಬಲೆ ಕಟ್ಟುವುದು ನಯಾಜ್ ಪಾಲಿಗೆ. ಲಿಂಗಣ್ಣ ಆರು ಗಂಟೆಗೆ ಓಡಬೇಕಾಗಿಲ್ಲ, ತಿಂಡಿ ತಿಂದು ಎಂಟಕ್ಕೆ ಬಂದರೆ ಸಾಕು. ಮಿಲ್ಲಿಗೆ ಒಂದು ಭಾನುವಾರ ನಾನು, ಒಂದು ಭಾನುವಾರ ಚಿಕ್ಕಣ್ಣನವರು. ಕೂತು ತಿನ್ನುವ ಮನೆತನದ ಗೌಡರು ಮಿಲ್ಲಿನಲ್ಲಿ ನಿಲ್ಲುತ್ತಾರೆಯೇ ಎಂದು ನನಗೆ ಅನುಮಾನವಿತ್ತು. ‘ರಾಗಿ ನಮ್ಮಪ್ಪ ಬೆಳೆದವ್ನೆ, ನಾನು ಬೀಸಕ್ಕಿಲ್ವಾ?’ ಎಂದರು.

ಮಿಲ್ಲು ಹೊರಗಿನಿಂದ ನೋಡಿದಷ್ಟು ಸುಲಭವಲ್ಲ. ಗಿರಿಜಾ ನನಗೆ ಮೂರು ಸಂಜೆ ಕಲಿಸಿದಳು. ಕಾಳು ಎಷ್ಟು ಬಿಡಬೇಕು, ಹಿಟ್ಟು ಇಳಿಯುವ ಬಟ್ಟೆಯ ತೋಳನ್ನು ಡಬ್ಬಕ್ಕೆ ಹೇಗೆ ಕಟ್ಟಬೇಕು, ಬಿಸಿಯಾದ ಹಿಟ್ಟನ್ನು ಬೆರಳಲ್ಲಿ ಹೇಗೆ ನೋಡಬೇಕು. ರಾಗಿ ಆದ ಕೂಡಲೆ ಅಕ್ಕಿ ಹಾಕಬಾರದು ಎಂದು ಹತ್ತು ಸಲ ಹೇಳಿದ್ದಳು. ಮೊದಲ ಭಾನುವಾರವೇ ಅದನ್ನು ಮಾಡಿದೆ. ಆ ಮನೆಯವರು ಅವತ್ತು ತಿಂದದ್ದು ಅಕ್ಕಿ ರೊಟ್ಟಿಯೋ ರಾಗಿ ರೊಟ್ಟಿಯೋ ಎಂದು ಇವತ್ತಿಗೂ ನನ್ನನ್ನು ಕಂಡಾಗ ಕೇಳುತ್ತಾರೆ. ಮಧ್ಯಾಹ್ನ ಮನೆಗೆ ಹೋದಾಗ ನಮ್ಮ ಯಜಮಾನರು ಬಾಗಿಲು ತೆಗೆದು, ಒಂದು ಕ್ಷಣ ಯಾರು ಬೇಕಿತ್ತು ಎನ್ನುವಂತೆ ನೋಡಿದರು. ಚಿಕ್ಕಣ್ಣನವರ ಸರದಿಯಲ್ಲಿ ಇನ್ನೂ ಚೆಂದ. ಹಿಟ್ಟಿಗೆ ಬಂದವರಿಗೆಲ್ಲ ಅವರವರ ಮನೆ ಇರುವ ಜಾಗ ಹಿಂದೆ ಯಾರ ಹೊಲವಾಗಿತ್ತು ಎಂದು ಹೇಳುತ್ತಾ ನಿಂತಿದ್ದರಿಂದ ಒಂಬತ್ತು ಡಬ್ಬ ಹಾಗೇ ಉಳಿದಿದ್ದವು.

ಗಿರಿಜಾ ಮೊದಲ ಭಾನುವಾರ ಏಳು ಗಂಟೆಯವರೆಗೆ ಮಲಗಿದ್ದಳಂತೆ, ಲಿಂಗಣ್ಣನೇ ದೋಸೆ ಹಾಕಿದರಂತೆ. ಎರಡನೆಯದಕ್ಕೆ ಉತ್ತರಹಳ್ಳಿಯ ತಂಗಿಯ ಮನೆಗೆ ಹೋಗಿದ್ದಳು. ಮೂರನೆಯದು ಮತ್ತೆ ನನ್ನ ಸರದಿ. ಒಂದು ಟೂರ್ನಮೆಂಟಿನಲ್ಲಿ ಹೇಗೋ ಸೆಮಿಫೈನಲ್ ತಲುಪಿದ್ದೆವು, ನಮಗಿಂತ ಎಷ್ಟೋ ಮೇಲಿದ್ದ ತಂಡದ ಜೊತೆ ಮ್ಯಾಚ್. ಸೋಲುವುದು ಖಾತ್ರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಗೋಧಿ ಬೀಸುತ್ತಿದ್ದೆ. ಮೆಷಿನ್ನಿನ ಸದ್ದನ್ನೂ ಮೀರಿ ಮೈದಾನದ ಕಡೆಯಿಂದ ಒಂದು ಕೂಗು ಬಂತು. ಯಾರು ಹೊಡೆದರೋ ತಿಳಿಯದು. ಮಿಲ್ಲು ಬಿಟ್ಟು ಹೋಗುವ ಹಾಗಿಲ್ಲ, ಮುಂದೆ ಆರು ಜನ ಕಾಯುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಗಿರಿಜಾ ಈ ಕೂಗನ್ನು ಇಲ್ಲಿಂದಲೇ ಕೇಳಿದ್ದಳು ಎಂದು ಆಗ ಹೊಳೆಯಿತು.

ಹತ್ತೂವರೆಗೆ ಅವಳೇ ಬಂದಳು. ಒಳ್ಳೆಯ ಸೀರೆ, ಮುಡಿಯಲ್ಲಿ ಮಲ್ಲಿಗೆ, ಮೈದಾನದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತ್ತು. ‘ಅಕ್ಕ, ಗೆದ್ವಿ! ಒಂದು ಸೊನ್ನೆ!’ ಎಂದಳು. ನಾನು ಮೆಷಿನ್ ಆಫ್ ಮಾಡಿದೆ. ಸಾಲಿನಲ್ಲಿದ್ದವರನ್ನು ಲೆಕ್ಕಿಸದೆ ಅವಳು ಆಟವನ್ನೆಲ್ಲ ಹೇಳಿದಳು, ಯಾರು ಕೊಟ್ಟರು, ಯಾರು ಜಾರಿದರು, ಚಿಕ್ಕಣ್ಣನವರು ಏನೆಂದು ಬೈದರು. ಆಟದ ಒಂದು ಪದವೂ ಅವಳಿಗೆ ಗೊತ್ತಿರಲಿಲ್ಲ, ಆದರೆ ಏನನ್ನೂ ಬಿಟ್ಟಿರಲಿಲ್ಲ. ಕೊನೆಗೆ ದನಿ ತಗ್ಗಿಸಿದಳು.

‘ಗೋಲಾದಾಗ ಎಲ್ರೂ ಓಡ್ಬಂದು ಅವರನ್ನ ತಬ್ಕೊಂಡ್ರು ಅಕ್ಕ. ಅವರು ಮಾತ್ರ ಅಷ್ಟು ಜನದ ಮಧ್ಯೆ ಕತ್ತು ಎತ್ತಿ ಎತ್ತಿ ನೋಡ್ತಿದ್ರು. ಏನು ಹುಡುಕ್ತಾವ್ರೆ ಅಂತ ನಂಗೆ ಮೊದ್ಲು ಗೊತ್ತಾಗ್ಲಿಲ್ಲ. ನಾನು ಎಲ್ಲಿ ಕೂತಿದೀನಿ ಅಂತ ಹುಡುಕ್ತಿದ್ರು.’

ಗಿರಿಜಾ ಕಣ್ಣೊರೆಸಿಕೊಂಡು, ಗೋಡೆಗೆ ಅಂಟಿಸಿದ್ದ ಸರದಿಯ ಚೀಟಿ ನೋಡಿ, ‘ಮುಂದಿನ ಭಾನುವಾರ ಫೈನಲ್ ಅಂತೆ. ಮಿಲ್ಲಿಗೆ ಯಾರು ಬರ್ತೀರಾ ಅಕ್ಕ?’ ಎಂದಳು.

ನಾವು ಫೈನಲ್ಲಿಗೆ ಹೋದದ್ದು ಇದೇ ಮೊದಲು. ಚೀಟಿಯಲ್ಲಿ ಇದ್ದದ್ದು ಚಿಕ್ಕಣ್ಣನವರ ಹೆಸರು. ನಾನು ಮೆಷಿನ್ ಆನ್ ಮಾಡಿ, ‘ನಾನೇ ಬರ್ತೀನಿ, ನೀನು ಹೋಗಿ ಕೂತ್ಕೊ’ ಎಂದೆ.